ಹೊತ್ತು ಹೋಗದ ಊರು, ಹೊತ್ತು ಸಾಲದ ಜಾತ್ರೆ

ಪುಷ್ಯ ಬಹುಳ ಬಿದಿಗೆಯ ಸಂಜೆ ಕೊಪ್ಪಳದ ಗವಿಮಠದ ಬಯಲಿನಲ್ಲಿ ಎರಡು ಬಗೆಯ ಹೊತ್ತು ಏಕಕಾಲಕ್ಕೆ ನಡೆಯುತ್ತಿರುತ್ತದೆ. ಗವಿಸಿದ್ಧೇಶ್ವರನ ತೇರು ಈಗ ಹೊರಟೀತು, ಆಗ ಹೊರಟೀತು ಎಂದು ಅಪ್ಪನ ಹೆಗಲೇರಿ ಕುಳಿತ ಹುಡುಗನಿಗೆ ಅರ್ಧ ತಾಸು ಮುಗಿಯುವುದೇ ಇಲ್ಲ. ತೇರು ಸಾಗಿದ ಮೇಲೆ ಅದೇ ಹುಡುಗ ರಾಟೆ ತೊಟ್ಟಿಲು, ಆಟಿಕೆಯಂಗಡಿ, ಮಂಡಾಳು-ಮಿರ್ಚಿಗಳ ನಡುವೆ ಹೊಕ್ಕರೆ ಮೂರು ತಾಸು ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ಮನೆಗೆ ನಡೆ ಎಂದರೆ ‘ಈಗರ ಬಂದೇವಿ, ಇಷ್ಟ್ ಲಗೂನ ಹೋಗೂದೇನ?’ ಎಂದು ಮುಖ ಸಣ್ಣದು ಮಾಡುತ್ತಾನೆ. ಅಪ್ಪನ ಕೈಗಡಿಯಾರಕ್ಕೆ ಈ ವ್ಯತ್ಯಾಸದ ಸುದ್ದಿಯೇ ಇಲ್ಲ.

ನಮ್ಮ ಹಿರಿಯರು ಒಂದು ಗಳಿಗೆಗೆ 24 ನಿಮಿಷ, ದಿನಕ್ಕೆ 60 ಗಳಿಗೆ ಎಂದು ಲೆಕ್ಕ ಹಾಕಿದ್ದರು. ಹಾಗೆ ಲೆಕ್ಕ ಹಾಕಿದವರೇ ‘ಗಳಿಗೆ ಯುಗವಾಯಿತು’ ಎಂಬ ಮಾತನ್ನೂ ಆಡಿದರು. ಅಳತೆ ಬೇರೆ, ಅನುಭವ ಬೇರೆ ಎಂಬುದು ಅವರಿಗೆ ಗೊತ್ತಿತ್ತು.

ಅದೇ ಗವಿಮಠದ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಪಲ್ಕಿಗುಂಡಿನಲ್ಲಿ ಇನ್ನೊಂದಿದೆ. ಕ್ರಿ.ಪೂ. ಮೂರನೆಯ ಶತಮಾನದ ಈ ಬರಹವನ್ನು ಪಠ್ಯಪುಸ್ತಕದ ಒಂದು ಅಂಕದ ಪ್ರಶ್ನೆಗೆಂದು ಉರು ಹೊಡೆಯುವ ಮಕ್ಕಳಿಗೆ ಅದರೊಳಗಿನ ಸ್ವಾರಸ್ಯ ದಕ್ಕುವುದೇ ಇಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮಿಕ್ಕಿತು, ಮೊದಲ ಒಂದು ವರ್ಷ ಹೆಚ್ಚೇನೂ ಶ್ರಮ ಪಡಲಿಲ್ಲ, ಸಂಘವನ್ನು ಸೇರಿದ ಈಚಿನ ಒಂದು ವರ್ಷದಿಂದ ಗಟ್ಟಿಯಾಗಿ ಶ್ರಮಿಸುತ್ತಿದ್ದೇನೆ ಎಂದು ಚಕ್ರವರ್ತಿ ಅಲ್ಲಿ ಹೇಳಿಕೊಂಡಿದ್ದಾನೆ. ಎರಡೂ ವರ್ಷಗಳೇ. ಆದರೆ ಒಂದನ್ನು ಸುಮ್ಮನೆ ಕಳೆದದ್ದೆಂದೂ ಇನ್ನೊಂದನ್ನು ಬಾಳಿದ್ದೆಂದೂ ಬೇರೆ ಬೇರೆಯಾಗಿ ಎಣಿಸುತ್ತಾನೆ. ಅರಸನೊಬ್ಬ ತನ್ನ ಸೋಮಾರಿತನವನ್ನು ಕಲ್ಲಿನ ಮೇಲೆ ಕೊರೆಸಿದ್ದು ಸಣ್ಣ ಸಂಗತಿಯೇನಲ್ಲ!

ಬೇಸರದ ಹೊತ್ತು ಉದ್ದ, ಸಂತೋಷದ ಹೊತ್ತು ಗಿಡ್ಡ ಎಂಬುದು ಎಲ್ಲರಿಗೂ ಗೊತ್ತು. ಅಷ್ಟೇ ಆಗಿದ್ದರೆ ಇದರಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ಅಮೆರಿಕದ ವಿಲಿಯಂ ಜೇಮ್ಸ್ 1890 ರಲ್ಲಿ ಪ್ರಕಟಿಸಿದ ಮನಶ್ಶಾಸ್ತ್ರದ ಗ್ರಂಥದಲ್ಲಿ ಇದರ ಇನ್ನೊಂದು ಮಗ್ಗುಲನ್ನು ತೋರಿಸಿದ. ಸಂತೋಷದಿಂದ ತುಂಬಿದ ದಿನ ಕಳೆಯುವಾಗ ಚಿಕ್ಕದು, ಆಮೇಲೆ ನೆನೆದಾಗ ದೊಡ್ಡದು. ಖಾಲಿ ದಿನ ಕಳೆಯುವಾಗ ದೊಡ್ಡದು, ನೆನೆದಾಗ ಏನೂ ಇಲ್ಲ. ಕಳೆಯುವಾಗ ಮನಸ್ಸು ಹೊತ್ತಿನತ್ತಲೇ ಕಣ್ಣು ನೆಟ್ಟಿರುತ್ತದೆಯೋ ಇಲ್ಲವೋ ಎಂಬುದರ ಮೇಲೆ ಒಂದು ಲೆಕ್ಕ. ನೆನಪಿನಲ್ಲಿ ಎಷ್ಟು ಸಂಗತಿಗಳು ಉಳಿದಿವೆ ಎಂಬುದರ ಮೇಲೆ ಇನ್ನೊಂದು ಲೆಕ್ಕ. 1962 ರಲ್ಲಿ ಫ್ರಾನ್ಸಿನ ಮಿಷೆಲ್ ಸಿಫ್ರೆ ಆಲ್ಪ್ಸ್ ಪರ್ವತದ ಗವಿಯೊಂದರಲ್ಲಿ ಗಡಿಯಾರವಿಲ್ಲದೆ ಎರಡು ತಿಂಗಳು ಒಬ್ಬನೇ ಇದ್ದ. ಸೆಪ್ಟೆಂಬರ್ 14 ರಂದು ಹೊರಗೆ ಕರೆದಾಗ ಅವನ ಲೆಕ್ಕದಲ್ಲಿ ಇನ್ನೂ ಆಗಸ್ಟ್ 20. ಒಂದರಂತೆ ಇನ್ನೊಂದಿದ್ದ ದಿನಗಳಲ್ಲಿ ಇಪ್ಪತ್ತೈದು ಲೆಕ್ಕದಿಂದಲೇ ಜಾರಿಹೋಗಿದ್ದವು.

ಗಂಗಾವತಿಯ ಕಡೆ ಹೋದರೆ ಇದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಿ ನೋಡಬಹುದು. ಆನೆಗೊಂದಿ ಬಳಿಯ ಅಂಜನಾದ್ರಿಗೆ 575 ಮೆಟ್ಟಿಲು. ಎಣಿಸುತ್ತ ಹತ್ತುವವನಿಗೆ ಇನ್ನೂರು ದಾಟುವಷ್ಟರಲ್ಲಿ ಸಾಕಾಗುತ್ತದೆ. ಗೆಳೆಯನೊಡನೆ ಹರಟುತ್ತ ಹತ್ತುವವನು ತುದಿಯಲ್ಲಿ ನಿಂತು ಏದುಸಿರು ಬಿಡುವಾಗಷ್ಟೇ ಬೆಟ್ಟವನ್ನು ನೆನೆಯುತ್ತಾನೆ. ತುಂಗಭದ್ರೆಯ ಎಡದಂಡೆ ಕಾಲುವೆಯ ಕೆಳಗೆ ಬಗ್ಗಿ ಭತ್ತದ ನಾಟಿ ಮಾಡುವ ಹೆಣ್ಣುಮಕ್ಕಳು ಹಾಡು ಎತ್ತಿಕೊಳ್ಳುವುದೂ ಇದಕ್ಕೇ. ಹಾಡಿನಿಂದ ಸೊಂಟದ ನೋವು ಹೋಗುವುದಿಲ್ಲ, ಮಧ್ಯಾಹ್ನ ಮಾತ್ರ ಬೇಗ ಬರುತ್ತದೆ.

ಅದೇ ತಾಲ್ಲೂಕಿನ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ನೂರಾರು ಕಲ್ಮನೆಗಳಿವೆ. 2021 ರಲ್ಲಿ ಇದು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಬಂಡೆಯ ಮೇಲೆ ಕೂತ ನಗಾರಿ ಗುಂಡಿಗೆ ಕಲ್ಲಿನಿಂದ ಬಡಿದರೆ ನಿಜವಾದ ನಗಾರಿಯ ಹಾಗೆ ದನಿ ಹೊರಡುತ್ತದೆ. ಯಾರನ್ನು ಕರೆಯಲು ಬಾರಿಸುತ್ತಿದ್ದರೋ! ಏರುವ ದಾರಿಯುದ್ದಕ್ಕೂ ‘ಇನ್ನೂ ಎಷ್ಟು ದೂರ?’ ಎಂದು ಕಾಡಿದ ಮಕ್ಕಳು ಆ ಕಲ್ಮನೆಗಳ ದುಂಡು ಕಿಂಡಿಯಲ್ಲಿ ತಲೆ ತೂರಿಸಿ ನೋಡತೊಡಗಿದರೆ ಇಳಿಯಲು ಒಪ್ಪುವುದಿಲ್ಲ.

ಕುಷ್ಟಗಿಗೆ ಕಾಯುವುದು ಹೊಸದಲ್ಲ. ಮಳೆಗೆ ಕಾದ ಸೀಮೆ. ರೈಲಿಗೂ ಕಾದು, 2025 ರ ಮೇ ತಿಂಗಳಲ್ಲಿ ಹುಬ್ಬಳ್ಳಿಯ ರೈಲನ್ನು ಕಂಡಿತು. ಮೊದಲೆಲ್ಲ ಬಸ್ಸಿಗೆ ಕಾಯುವವರು ಬೇಸರ ಕಳೆಯಲು ಪಕ್ಕದವರ ಊರು, ಬೆಳೆ, ಬೀಗತನ ವಿಚಾರಿಸುತ್ತಿದ್ದರು. ಈಗ ಎಲ್ಲರ ಕೈಯಲ್ಲೂ ಮೊಬೈಲು. ಜೇಮ್ಸ್ ಕಾಣದ ಮೂರನೆಯ ಬಗೆಯ ಹೊತ್ತು ಇದು: ಕಳೆಯುವಾಗಲೂ ಚಿಕ್ಕದು, ನೆನೆದಾಗಲೂ ಚಿಕ್ಕದು. ಎರಡು ತಾಸು ಬೆರಳಾಡಿಸಿದ ಹುಡುಗನನ್ನು ‘ಏನು ನೋಡಿದಿ?’ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಹಾಗೆ ಕೇಳುವ ಅಪ್ಪನಿಗೂ ತನ್ನ ಮೊಬೈಲಿನಲ್ಲಿ ತಾನೇನು ನೋಡಿದೆನೆಂದು ಹೇಳಲಾಗುವುದಿಲ್ಲ ಎಂಬುದು ಬೇರೆ ಮಾತು. ಬೇಸರವನ್ನು ಪೂರ್ತಿ ಅಳಿಸಿಬಿಟ್ಟರೆ ಪಕ್ಕದವರ ಊರು ಕೇಳುವ ಗರಜೂ ಉಳಿಯುವುದಿಲ್ಲ.

ಇನ್ನು ಪರೀಕ್ಷೆಯ ಕೋಣೆ. ಮೂರು ತಾಸು ಎಲ್ಲರಿಗೂ ಒಂದೇ. ಓದಿಕೊಂಡು ಬಂದವಳಿಗೆ ಸಾಲದು, ಓದದವನಿಗೆ ಸರಿಯದು. ಎಲ್ಲರಿಗಿಂತ ಉದ್ದವಾಗುವುದು ಪ್ರಾಯಶಃ ಮೇಲ್ವಿಚಾರಣೆಗೆ ನಿಂತ ಮಾಸ್ತರರಿಗೆ.

ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯಕ್ಕೆ ಶಾಲೆಯ ಮಕ್ಕಳು ಪ್ರವಾಸ ಬರುತ್ತಾರೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112 ರಲ್ಲಿ ಕಟ್ಟಿಸಿದ ಗುಡಿ. ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿಸಿಕೊಂಡದ್ದು. ಇಸವಿ, ಅರಸು, ಶೈಲಿ ಎಂದು ಮಾಸ್ತರರು ಬರೆಸತೊಡಗಿದರೆ ಹತ್ತು ನಿಮಿಷಕ್ಕೇ ಆಕಳಿಕೆ ಶುರು. ಬಲ್ಲ ಮಾಸ್ತರರು ಹಾಗೆ ಮಾಡುವುದಿಲ್ಲ. ಒಂದರಂತೆ ಇನ್ನೊಂದಿಲ್ಲದ ಕಂಬಗಳನ್ನು ಹುಡುಕಿ ಬನ್ನಿರೆಂದು ಬಿಟ್ಟುಬಿಡುತ್ತಾರೆ. ಹುಡುಗರು ತಿರುಗಣಿಗೆ ಕೊಟ್ಟಂತೆ ನುಣುಪಾದ ಕಂಬಕ್ಕೆ ಮುಖ ಹತ್ತಿರ ಹಿಡಿದು ನೋಡುತ್ತಾರೆ, ಸುತ್ತು ಎಣಿಸಿ ಜಗಳವಾಡುತ್ತಾರೆ, ಪುಷ್ಕರಣಿಯ ಮೆಟ್ಟಿಲಿಳಿಯುತ್ತಾರೆ. ಹೊರಗೆ ಬಸ್ಸಿನ ಚಾಲಕನಿಗೆ ಒಂದು ನಿದ್ದೆ ಮುಗಿದು, ಎರಡು ಚಹಾ ಆಗಿ, ಇನ್ನು ಕೂರಲಾಗುವುದಿಲ್ಲ. ಅವನು ಹಾರ್ನ್ ಒತ್ತುತ್ತಾನೆ. ಒಳಗಿನಿಂದ ಕೂಗು ಬರುತ್ತದೆ: ‘ಇನ್ನೂ ಐದ್ ನಿಮಿಷ, ಕಾಕಾ!’