ಕಪ್ಪು ಚುಕ್ಕಿಗಳ ಕಾಲ

"ಅಜ್ಜಾ, ನಿಮ್ಮ ಕಾಲಕ್ಕ ಒಂದ ಸ್ಟ್ರಕ್ಚರ್ ಬಿಡಸಾಕ ಎಷ್ಟ ದಿನಾ ಹಿಡೀತಿತ್ತು?" ಎಂ.ಎಸ್ಸಿ. ಓದುವ ಮೊಮ್ಮಗಳು ರಜೆಗೆ ಬನಹಟ್ಟಿಗೆ ಬಂದಾಗ ಕೇಳಿದಳು. ಅವಳ ಹರಳು ಬೆಳಿಗ್ಗೆ ಯಂತ್ರಕ್ಕೇರಿತ್ತಂತೆ. ಸಂಜೆಯೊಳಗೆ ಅಣುವಿನ ಚಿತ್ರ ಮೊಬೈಲಿನಲ್ಲಿ. ತಿಂಗಳುಗಟ್ಟಲೆ ಅಂದೆ. ನಂಬಲಿಲ್ಲ.

ಎಪ್ಪತ್ತರ ದಶಕ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟು. ಡಾರ್ಕ್‌ರೂಮಿನ ಹೈಪೋ ಮತ್ತು ಅಸಿಟಿಕ್ ಆಮ್ಲದ ವಾಸನೆ ಅಂಗಿಗೆ ಹತ್ತಿದರೆ ಒಗೆದರೂ ಹೋಗುತ್ತಿರಲಿಲ್ಲ. ವೈಸೆನ್‌ಬರ್ಗ್ ಕ್ಯಾಮೆರಾದಲ್ಲಿ ಹರಳು ತಿರುಗಿದ ಹಾಗೆ ಫಿಲ್ಮೂ ಹಿಂದೆಮುಂದೆ ಸರಿಯುತ್ತಿತ್ತು. ಒಂದು ಪದರಕ್ಕೇ ಹಗಲು ರಾತ್ರಿ ಎಕ್ಸ್-ಕಿರಣ ಹಾಯಿಸಬೇಕು. ತೊಳೆದ ಫಿಲ್ಮಿನ ಮೇಲೆ ನೂರಾರು ಕಪ್ಪು ಚುಕ್ಕಿ. ಪಕ್ಕದಲ್ಲಿ ಅಳತೆಯ ಪಟ್ಟಿ ಹಿಡಿದು ಒಂದೊಂದರ ಕಪ್ಪನ್ನೂ ಕಣ್ಣಿನಿಂದಲೇ ಅಳೆಯಬೇಕು. ಆ ಅಂಕಿಗಳು ಪಂಚ್ ಕಾರ್ಡಿಗೆ ಇಳಿದು ಐಬಿಎಂ 360/44ಕ್ಕೆ ಹೋಗುತ್ತಿದ್ದವು. ಜಕಾರ್ಡಿನ ತೂತುರಟ್ಟು ನೋಡುತ್ತ ಬೆಳೆದ ನೇಕಾರರ ಹುಡುಗನಿಗೆ ಆ ಕಾರ್ಡು ಮಾತ್ರ ಹೊಸದೆನಿಸಲಿಲ್ಲ.

ನನಗೆ ಕಲಿಸಿದ ಹಿರಿಯರು ಮೈಸೂರು ಕಡೆಯವರು. ಹೆಸರು ಬರೆದರೆ ಅವರಿಗೆ ಸೇರುತ್ತಿರಲಿಲ್ಲ. ಧ್ರುವೀಕರಣ ಸೂಕ್ಷ್ಮದರ್ಶಕದಡಿ ಹರಳನ್ನು ಮೆಲ್ಲಗೆ ತಿರುಗಿಸುವರು. ಒಮ್ಮೆಗೇ ಇಡಿಯಾಗಿ ಕಪ್ಪಾದರೆ ಒಂಟಿ ಹರಳು, ಇಲ್ಲದಿದ್ದರೆ ಜೋಡಿ. ಜೋಡಿಯಾದರೆ ಬ್ಲೇಡಿನಿಂದ ಸೀಳಿ ಮತ್ತೆ ನೋಡುವರು.

ರಸಾಯನ ವಿಭಾಗದವರೊಂದಿಗೆ ಅವರು ಮಾಡುತ್ತಿದ್ದ ಚೌಕಾಸಿ ಇನ್ನೂ ಕಿವಿಯಲ್ಲಿದೆ. ಚುಕ್ಕಿಯ ಕಪ್ಪು ತರಂಗದ ಎತ್ತರ ಹೇಳುತ್ತದೆ, ಹಂತ (ಫೇಸ್) ಹೇಳುವುದಿಲ್ಲ; ಎರಡೂ ಗೊತ್ತಾಗದೆ ರಚನೆ ಬಿಡಿಸಲಾಗದು. ಅಣುವಿನಲ್ಲೊಂದು ಭಾರದ ಪರಮಾಣು ಇದ್ದರೆ ಪ್ಯಾಟರ್ಸನ್ ನಕ್ಷೆಯಲ್ಲಿ ಅದನ್ನು ಹಿಡಿದು, ಅಲ್ಲಿಂದ ಉಳಿದವನ್ನು ಹುಡುಕಬಹುದು.

"ಒಂದು ಬ್ರೋಮಿನ್ ಸೇರಿಸ್ಕೊಂಡು ಬನ್ನಿ ಸ್ವಾಮಿ."

"ಸೇರಿಸಿದ್ರೆ ಅದು ನನ್ನ ಅಣುವೇ ಅಲ್ವಲ್ಲ!"

"ಹಾಗಾದ್ರೆ ಮುಂದಿನ ವರ್ಷ ಬನ್ನಿ."

ಕೊನೆಗೆ ಬ್ರೋಮಿನ್ ಬರುತ್ತಿತ್ತು, ಹರಳು ಅರ್ಧ ಮಿಲಿಮೀಟರಿನದೇ ಆಗಬೇಕೆಂಬ ಕರಾರಿನೊಂದಿಗೆ.

1978ರಲ್ಲಿ ನಮ್ಮಲ್ಲಿಯ ಎಂ. ಎ. ವಿಶ್ವಾಮಿತ್ರ ಮತ್ತು ಕೇಂಬ್ರಿಜ್‌ನ ಓಲ್ಗಾ ಕೆನಾರ್ಡ್ ತಂಡ ಡಿಎನ್‌ಎಯ ನಾಲ್ಕಕ್ಷರದ ತುಣುಕೊಂದರ ರಚನೆಯನ್ನು 'ನೇಚರ್'ನಲ್ಲಿ ಪ್ರಕಟಿಸಿತು. ನಮಗೆಲ್ಲ ಅದು ಮನೆಯ ಹಬ್ಬ. ಅಷ್ಟರಲ್ಲಿ ಬ್ರೋಮಿನ್ ಚೌಕಾಸಿಯೂ ಮುಗಿಯುತ್ತ ಬಂದಿತ್ತು. ಹಾಪ್ಟ್‌ಮನ್ ಮತ್ತು ಕಾರ್ಲ್ ಅವರ ನೇರ ವಿಧಾನಗಳು ಗಣಿತದಿಂದಲೇ ಹಂತ ಊಹಿಸುತ್ತಿದ್ದವು; 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಲೆಕ್ಕಕ್ಕೆ ಶೆಲ್ಡ್ರಿಕ್‌ರ ಶೆಲ್ಎಕ್ಸ್ ತಂತ್ರಾಂಶ ಬಂತು, ಫಿಲ್ಮಿನ ಜಾಗಕ್ಕೆ ಎಕ್ಸ್-ಕಿರಣ ಎಣಿಸುವ ಯಂತ್ರ. ನಾನು ಕೈಯಾಡಿಸಿದಂಥ ಕ್ಯಾಮೆರಾವೊಂದು ಮುಂದೆ ಗುಜರಿಯವನ ತಕ್ಕಡಿಯಲ್ಲಿ ಹಿತ್ತಾಳೆಯ ಬೆಲೆಗೆ ಹೋದದ್ದನ್ನು ಕಣ್ಣಾರೆ ಕಂಡೆ.

ಹಳತೆಲ್ಲ ಚಿನ್ನವೆಂದರೆ ಸುಳ್ಳಾದೀತು. ನಮ್ಮ ಫಿಲ್ಮಿನ ರಚನೆಗಳಲ್ಲಿ ಹೈಡ್ರೋಜನ್ ಸರಿಯಾಗಿ ಕಾಣುತ್ತಲೇ ಇರಲಿಲ್ಲ. ಅಳತೆಗೂ ಲೆಕ್ಕಕ್ಕೂ ನಡುವಿನ ತಾಳೆಯ ದೋಷ ಶೇ. 10 ದಾಟಿದರೂ ಪ್ರಕಟವಾಗುತ್ತಿತ್ತು. ಆದರೆ ಪ್ರತಿ ಚುಕ್ಕಿಯನ್ನೂ ಮನುಷ್ಯನೊಬ್ಬ ನೋಡಿರುತ್ತಿದ್ದ. 2010ರಲ್ಲಿ 'ಆ್ಯಕ್ಟಾ ಕ್ರಿಸ್ಟಲೋಗ್ರಾಫಿಕಾ' ಪತ್ರಿಕೆಯ ಇ ವಿಭಾಗ ಕನಿಷ್ಠ 70 ಹುಸಿ ರಚನೆಗಳು ಬಯಲಾದವೆಂದು ಸಾರಿತು. ಅಸಲಿ ದತ್ತಾಂಶ ಒಂದೇ, ಅದರಲ್ಲಿ ಪರಮಾಣುಗಳನ್ನಷ್ಟೇ ಬದಲಿಸಿ ಹೊಸ ಸಂಯುಕ್ತವೆಂದು ಬರೆದಿದ್ದರು. ಅವರನ್ನು ಹಿಡಿದದ್ದೂ ತಪಾಸಣೆಯ ತಂತ್ರಾಂಶವೇ, ಒಪ್ಪುತ್ತೇನೆ. ಆದರೂ 2019ರಲ್ಲಿ ಹತ್ತು ಲಕ್ಷ ಮುಟ್ಟಿದ ಕೇಂಬ್ರಿಜ್‌ನ ಹರಳು-ರಚನೆಗಳ ಸಂಗ್ರಹದಲ್ಲಿ ಎಷ್ಟು ಹರಳುಗಳನ್ನು ಅವುಗಳ ಲೇಖಕರೇ ಸೂಕ್ಷ್ಮದರ್ಶಕದಡಿ ತಿರುಗಿಸಿ ನೋಡಿದ್ದಾರೆ? ಕೇಳಿದರೆ ಹುಡುಗರಿಗೆ ಸಿಟ್ಟು ಬರುತ್ತದೆ. ಬರಲಿ, ನಾನು ಕೇಳುವುದನ್ನು ಬಿಡುವವನಲ್ಲ.