ಆಷಾಢಕ್ಕೆ ಕಾಯುವವಳು

‘ಕೋಶ ಓದು, ದೇಶ ಸುತ್ತು’ ಎಂದು ಹಿರಿಯರು ಹೇಳಿಟ್ಟರು. ದೇಶ ಸುತ್ತುವಾಗ ಮನೆಯ ಅಕ್ಕಿಬೇಳೆಗೆ ಏನು ಮಾಡಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ. ಹಾಗಾಗಿ ಓದು ಮುಗಿಸಿದ ಮಗನೋ ಮಗಳೋ ಬಂದು, ‘ಯಾರ ಕೈಕೆಳಗೂ ದುಡಿಯುವುದಿಲ್ಲ, ಸ್ವಂತವಾಗಿ ವಿನ್ಯಾಸದ ಕೆಲಸ ಮಾಡುತ್ತೇನೆ, ಬಿಡುವಿದ್ದಾಗ ಊರು ಸುತ್ತುತ್ತೇನೆ’ ಎಂದರೆ ತಂದೆತಾಯಿಯ ಕಿವಿಗೆ ಬೀಳುವುದು ‘ಸುತ್ತುತ್ತೇನೆ’ ಎಂಬ ಕೊನೆಯ ಮಾತೊಂದೇ. ಉಳಿದದ್ದು ಗಾಳಿಗೆ ಹೋಗುತ್ತದೆ.

ಈ ಭಯ ಸುಳ್ಳೇನೂ ಅಲ್ಲ. ಕೆಲಸವೂ ಕೆಟ್ಟು, ಸುತ್ತಾಟವೂ ಕೆಟ್ಟು, ಎರಡು ವರ್ಷದಲ್ಲಿ ಮನೆಗೆ ಮರಳಿದವರು ಎಷ್ಟೋ ಮಂದಿ. ಆದರೆ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ ಉತ್ತವರೂ ಇದ್ದಾರೆ. ಶಿವಮೊಗ್ಗದ ಒಬ್ಬಾಕೆಯ ಮಾತು ಇಲ್ಲಿದೆ. ಆಕೆ ಪ್ರಸಿದ್ಧಳಲ್ಲ, ಪ್ರಶಸ್ತಿ ಪಡೆದವಳಲ್ಲ. ಆದ್ದರಿಂದಲೇ ಆಕೆಯ ಲೆಕ್ಕಾಚಾರ ಉಳಿದವರಿಗೂ ಉಪಯೋಗಕ್ಕೆ ಬರುವಂಥದ್ದು.

ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಓದಿ, ಬೆಂಗಳೂರಿನ ಜಾಹೀರಾತು ಕಂಪನಿಯೊಂದರಲ್ಲಿ ಮೂರು ವರ್ಷ ದುಡಿದು, 2017ರಲ್ಲಿ ಕೆಲಸ ಬಿಟ್ಟು ಊರಿಗೆ ಬಂದವಳು ಆಕೆ. ಲಗ್ನಪತ್ರಿಕೆ, ಪುಸ್ತಕದ ಮುಖಪುಟ, ಅಂಗಡಿಯ ಬೋರ್ಡು, ಕ್ಯಾಲೆಂಡರು, ಡೈರಿ, ಉಪ್ಪಿನಕಾಯಿ ಬಾಟಲಿಯ ಚೀಟಿ – ಇವೇ ಆಕೆಯ ಕಸುಬು. ತಂದೆ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಸಂಬಳ ಅಂತ ಬರೋದು ಯಾವ ತಾರೀಖು?’

ಮಗಳ ಬಳಿ ಉತ್ತರವಿರಲಿಲ್ಲ. ಉತ್ತರ ಕೊಟ್ಟವರು ಒಳಮನೆಯಲ್ಲಿ ಕೂತಿದ್ದ ಅಜ್ಜಿ. ‘ನಿನ್ನ ಅಪ್ಪಯ್ಯಂಗೆ ಯಾವ ತಾರೀಖಿಗೆ ಸಂಬಳ ಬರ್ತಿತ್ತೋ ಮಾರಾಯ? ವರ್ಷಕ್ಕೊಂದು ಕೊಯ್ಲಿನ ದುಡ್ಡಲ್ಲೇ ನಿಮ್ಮ ನಾಲ್ಕು ಜನರನ್ನ ಓದಿಸಿದ್ದಲ್ವಾ?’

ಮಾತು ಅಲ್ಲಿಗೆ ನಿಂತಿತು. ಮಲೆನಾಡಿನ ಅಡಿಕೆ ಬೆಳೆಗಾರನಿಗೆ ತಿಂಗಳ ಸಂಬಳವೆಂಬುದು ಎಂದೂ ಇರಲಿಲ್ಲ. ಕೊನೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು, ಮಂಡಿಗೆ ಹಾಕುವುದು. ಅಲ್ಲಿಂದ ಬಂದ ದುಡ್ಡಿನಲ್ಲಿ ಮುಂದಿನ ಕೊಯ್ಲಿನವರೆಗೆ ಸಂಸಾರ. ಆ ಮನೆಯಲ್ಲಿ ಮೊದಲು ಸಂಬಳ ಕಂಡವರೇ ಈ ಗುಮಾಸ್ತರು. ಮಗಳು ಹಿಡಿದದ್ದು ಹೊಸ ದಾರಿಯೇನಲ್ಲ, ತಾತನ ದಾರಿ. ಆದರೆ ತಾತನ ಶಿಸ್ತೂ ಬೇಕಲ್ಲ?

ಬೀಗರ ಊರು ತಪ್ಪಿದಾಗ

ಆ ಶಿಸ್ತು ಆಕೆಗೆ ಮೊದಲ ವರ್ಷ ಇರಲಿಲ್ಲ. ಲ್ಯಾಪ್‌ಟಾಪ್ ಒಂದಿದ್ದರೆ ಎಲ್ಲಿ ಕೂತರೂ ಕೆಲಸ ನಡೆಯುತ್ತದೆ ಎಂಬ ಹುಮ್ಮಸ್ಸು. 2018ರ ಮೇ ತಿಂಗಳು, ಮದುವೆಗಳ ಭರಾಟೆ. ಆಕೆ ಬಾದಾಮಿಗೆ ಹೋದಳು. ಹಗಲು ಗುಹೆ, ಗುಡಿ. ರಾತ್ರಿ ವಸತಿಗೃಹದ ಮಂಚದ ಮೇಲೆ ಲಗ್ನಪತ್ರಿಕೆ. ಒಂದು ರಾತ್ರಿ ಅವಸರದಲ್ಲಿ ಫೈಲನ್ನು ಪ್ರೆಸ್ಸಿಗೆ ಕಳಿಸಿ ಮಲಗಿದಳು.

ಕನ್ನಡದ ಅಚ್ಚಿನ ಕೆಲಸದಲ್ಲಿ ಒಂದು ಸೂಕ್ಷ್ಮವಿದೆ. ವಿನ್ಯಾಸಕಾರರು ಬಳಸಿದ ಅಕ್ಷರವಿನ್ಯಾಸ, ಅಂದರೆ ಫಾಂಟ್, ಪ್ರೆಸ್ಸಿನ ಕಂಪ್ಯೂಟರಿನಲ್ಲೂ ಇರಬೇಕು. ಇಲ್ಲದಿದ್ದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಹಾಗಾಗದಿರಲು ಕೊನೆಯಲ್ಲಿ ಅಕ್ಷರಗಳನ್ನು ‘ಕರ್ವ್ಸ್’ಗೆ ಬದಲಿಸುತ್ತಾರೆ. ಆಗ ಅವು ಅಕ್ಷರಗಳಾಗಿ ಉಳಿಯದೆ ಬರೀ ಗೆರೆಗಳ ಚಿತ್ರವಾಗುತ್ತವೆ. ಯಾವ ಯಂತ್ರದಲ್ಲಿ ತೆರೆದರೂ ಹಾಗೆಯೇ ಇರುತ್ತವೆ. ಎರಡು ನಿಮಿಷದ ಕೆಲಸ. ಅಂದು ಅದೊಂದು ಬಿಟ್ಟುಹೋಯಿತು.

ಪ್ರೆಸ್ಸಿನವರು ಬೆಳಿಗ್ಗೆ ಫೋನ್ ಮಾಡಿದರು. ಆಕೆ ಬೆಟ್ಟದ ಆಚೆ ಮಹಾಕೂಟದ ದಾರಿಯಲ್ಲಿದ್ದಳು, ಫೋನಿಗೆ ಸಿಗ್ನಲ್ ಇಲ್ಲ. ಅವರಿಗೂ ಅವಸರ. ಚೆದುರಿದ ಸಾಲುಗಳನ್ನು ತಾವೇ ಮತ್ತೆ ಟೈಪ್ ಮಾಡಿ ಮೆಷಿನ್ನಿಗೆ ಹಾಕಿದರು. 600 ಪತ್ರಿಕೆಗಳು ಅಚ್ಚಾದವು. ಒಯ್ಯಲು ಹಳ್ಳಿಯಿಂದ ಬಂದ ಹುಡುಗಿಯ ತಂದೆ ಒಂದನ್ನು ಬಿಡಿಸಿ ಓದಿ, ಮೆತ್ತಗೆ ಹೇಳಿದರಂತೆ: ‘ಇದು ನಮ್ಮ ಬೀಗರ ಊರಲ್ಲ.’

ಮದುವೆಗೆ ಇಪ್ಪತ್ತು ದಿನ ಉಳಿದಿತ್ತು. ಆಕೆ ಮರುದಿನವೇ ಊರಿಗೆ ಬಂದು, ಕಾಗದ ಮತ್ತು ಅಚ್ಚಿನ ಖರ್ಚನ್ನು ತಾನೇ ಹೊತ್ತು 600 ಪತ್ರಿಕೆಗಳನ್ನೂ ಮರುಮುದ್ರಿಸಿಕೊಟ್ಟಳು. ಆ ರೈತ ಬೈಯಲಿಲ್ಲ, ಚೌಕಾಸಿಯನ್ನೂ ಮಾಡಲಿಲ್ಲ. ಕಟ್ಟು ಎತ್ತಿಕೊಂಡು ಬಸ್ ಹಿಡಿಯಲು ಹೊರಟರು. ಬೈದಿದ್ದರೆ ಆಕೆಗೆ ಇಷ್ಟು ನಾಟುತ್ತಿರಲಿಲ್ಲವೋ ಏನೋ. ಮಗಳ ಮದುವೆಗೆಂದು ಒಬ್ಬರು ಕೂಡಿಟ್ಟ ಹಣ ತನ್ನ ಕೈಯಲ್ಲಿದೆ ಎಂಬುದು ಅಂದು ಅರ್ಥವಾಯಿತು.

ಪಂಚಾಂಗ ತೋರಿದ ದಾರಿ

ಕೆಲಸವನ್ನು ಚೀಲದಲ್ಲಿಟ್ಟುಕೊಂಡು ಸುತ್ತಿದರೆ ಎರಡೂ ಅರೆಬೆಂದ ಅನ್ನವಾಗುತ್ತವೆ. ಹಾಗಾದರೆ ಸುತ್ತುವುದು ಯಾವಾಗ? ದಾರಿ ತೋರಿಸಿದ್ದು ಗೋಡೆಯ ಮೊಳೆಗೆ ನೇತುಹಾಕಿದ್ದ ಪಂಚಾಂಗ.

ಆಷಾಢದಲ್ಲಿ ಮದುವೆಗಳಿಲ್ಲ. ಧನುರ್ಮಾಸದಲ್ಲಿಯೂ ಇಲ್ಲ. ಲಗ್ನಪತ್ರಿಕೆಯ ಪ್ರೆಸ್ಸುಗಳು ಆ ದಿನಗಳಲ್ಲಿ ಆಕಳಿಸುತ್ತಿರುತ್ತವೆ. ಕ್ಯಾಲೆಂಡರು, ಡೈರಿಗಳ ಕೆಲಸ ದಸರೆಯಿಂದ ಶುರುವಾಗಿ, ಡಿಸೆಂಬರಿನಲ್ಲಿ ಧನುರ್ಮಾಸ ಹುಟ್ಟುವ ಹೊತ್ತಿಗೆ ಮುಗಿದಿರುತ್ತದೆ. ಶಾಲಾ ಕಾಲೇಜುಗಳ ಪ್ರಚಾರಪತ್ರದ ಕೆಲಸ ಬೇಸಿಗೆಯಲ್ಲೇ ಆಗಿಹೋಗಿರುತ್ತದೆ. ಅಂದರೆ ಈ ಕಸುಬಿಗೆ ವರ್ಷದಲ್ಲಿ ಎರಡು ರಜೆಗಳು ತಾವಾಗಿಯೇ ಇವೆ. ಹೊಸ ಮದುವಣಗಿತ್ತಿ ಆಷಾಢ ಬಂತೆಂದು ತವರಿಗೆ ಹೊರಡುವಂತೆ ಆಕೆಯೂ ಚೀಲ ಕಟ್ಟುತ್ತಾಳೆ. ಶಿವಮೊಗ್ಗದಲ್ಲಿ ಮಳೆ ಹೊಯ್ಯುವ ಆ ದಿನಗಳಲ್ಲಿ ಬಯಲುಸೀಮೆಯ ಕಡೆ ತಿರುಗಾಡಲು ಅಡ್ಡಿಯಿಲ್ಲ. ಬೀದರ, ಇಳಕಲ್, ಲಕ್ಕುಂಡಿ, ಧಾರವಾಡ ಎಲ್ಲವನ್ನೂ ಆಕೆ ನೋಡಿದ್ದು ಆಷಾಢಗಳಲ್ಲಿ.

ಉಳಿದ ನಿಯಮಗಳು ಸರಳ. ಕೆಲಸ ಒಪ್ಪಿಕೊಳ್ಳುವಾಗಲೇ ‘ಇಂಥ ದಿನದಿಂದ ಇಂಥ ದಿನದವರೆಗೆ ಊರಲ್ಲಿರುವುದಿಲ್ಲ’ ಎಂದು ಹೇಳಿಬಿಡುವುದು. ಹೊರಡುವ ಮುನ್ನ ಪ್ರತಿಯೊಂದು ಕೆಲಸದ ಕರಡನ್ನೂ ಕಾಗದದ ಮೇಲೆ ತೆಗೆದು, ಗಿರಾಕಿಯಿಂದ ಓದಿಸಿ ಸಹಿ ಹಾಕಿಸಿಕೊಳ್ಳುವುದು. ಪ್ರವಾಸದಲ್ಲಿ ಲ್ಯಾಪ್‌ಟಾಪ್ ಇಲ್ಲ. ಚಿತ್ರದ ಪುಸ್ತಕ, ಪೆನ್ಸಿಲು ಮಾತ್ರ. ಸಂಜೆ ಏಳರಿಂದ ಎಂಟು ಫೋನಿನ ಹೊತ್ತು. ತುರ್ತು ಕೆಲಸ ಬಂದರೆ ಭದ್ರಾವತಿಯ ಗೆಳತಿಯೊಬ್ಬಳು ಮಾಡಿಕೊಡುತ್ತಾಳೆ. ಆಕೆ ಊರಿಗೆ ಹೋದಾಗ ಇವಳು. ಮಲೆನಾಡಿನಲ್ಲಿ ಇದಕ್ಕೆ ಮುಯ್ಯಾಳು ಎನ್ನುತ್ತಾರೆ. ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು.

ಹಣದ ವಿಷಯದಲ್ಲಿ ಗುಮಾಸ್ತ ತಂದೆಯ ಪಾಠ ನೆರವಿಗೆ ಬಂತು. ಅರ್ಧ ಹಣ ಮುಂಗಡ ಬಾರದೆ ಕೆಲಸ ಮುಟ್ಟುವುದಿಲ್ಲ. ಬಂದದ್ದು ಮನೆಖರ್ಚು, ಕಂಪ್ಯೂಟರಿನ ಸವೆತ, ಪ್ರವಾಸ ಎಂದು ಮೂರು ಪಾಲಾಗುತ್ತದೆ. ಇವಲ್ಲದೆ ಆರು ತಿಂಗಳ ಖರ್ಚಿನಷ್ಟು ಹಣ ಮುಟ್ಟದ ಖಾತೆಯಲ್ಲಿರಬೇಕು. ಕಂಪನಿಗಳು ವೃತ್ತಿಪರ ಶುಲ್ಕದಲ್ಲಿ ಸಾಮಾನ್ಯವಾಗಿ ಶೇಕಡಾ 10ರಷ್ಟು ತೆರಿಗೆಯನ್ನು ಮೊದಲೇ ಮುರಿದುಕೊಂಡು ಕೊಡುತ್ತವೆ. ಎಷ್ಟೋ ಹುಡುಗರು ಅದನ್ನು ಹೋದ ಹಣವೆಂದು ಕೈಬಿಡುತ್ತಾರೆ. ವರ್ಷದ ಕೊನೆಗೆ ಲೆಕ್ಕ ಸಲ್ಲಿಸಿದರೆ, ಕಟ್ಟಬೇಕಾದ ತೆರಿಗೆ ಕಡಿಮೆಯಿದ್ದಷ್ಟೂ ಹೆಚ್ಚಿನದು ವಾಪಸು ಬರುತ್ತದೆ. ಆ ಕಾಗದಗಳನ್ನು ತಂದೆಯೇ ನೋಡಿಕೊಳ್ಳುತ್ತಾರೆ, ಸ್ವಲ್ಪ ಹೆಮ್ಮೆಯಿಂದಲೇ.

ಆ ಮುಟ್ಟದ ಖಾತೆಯ ಬೆಲೆ ತಿಳಿದದ್ದು 2020ರಲ್ಲಿ. ಮಾರ್ಚ್ 25ರಿಂದ ದೇಶವೇ ಬೀಗ ಹಾಕಿಕೊಂಡಿತು. ಮದುವೆಯೂ ಇಲ್ಲ, ಬಸ್ಸೂ ಇಲ್ಲ. ಕೆಲಸ, ಪ್ರವಾಸ ಎರಡೂ ಒಂದೇ ದಿನ ನಿಂತುಹೋದವು. ಮನೆ ನಡೆದದ್ದು ಆ ಖಾತೆಯಿಂದ.

ಸುತ್ತಾಟದ ಫಸಲು

ಸುತ್ತಾಟದಿಂದ ಕೆಲಸಕ್ಕೆ ಆದ ಲಾಭವೇನು ಎಂದು ಕೇಳಬಹುದು. ಕೇಳಬೇಕಾದದ್ದೇ.

ಬೀದರದಲ್ಲಿ ಆಕೆ ಬಿದ್ರಿ ಕುಶಲಕರ್ಮಿಗಳ ಅಂಗಡಿಯಲ್ಲಿ ಮೂರು ದಿನ ಕೂತು ನೋಡಿದಳು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಚಿತ್ತಾರ ಕೊರೆದು, ಆ ಗೀರಿನೊಳಗೆ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬಿಸಿಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಸತುವಿನ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೆಯೇ ಬೆಳಗುತ್ತದೆ. ಒಂದೇ ಲೇಪಕ್ಕೆ ಎರಡು ಲೋಹಗಳು ಎರಡು ರೀತಿ ಮಣಿಯುತ್ತವೆ. ಶಾಲೆಯ ರಸಾಯನಶಾಸ್ತ್ರಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಉಂಟೇ? ಆ ಕಪ್ಪು ಮಿರುಗುವ ಕಪ್ಪಲ್ಲ, ಬೆಳಕನ್ನು ನುಂಗುವ ಕಪ್ಪು. ಊರಿಗೆ ಬಂದು ಮಾಡಿದ ಪುಸ್ತಕವೊಂದರ ಮುಖಪುಟಕ್ಕೆ ಅಂಥದೇ ಹೊಳಪಿಲ್ಲದ ಕಪ್ಪು, ಅದರ ಮೇಲೆ ಒಂದೇ ಒಂದು ಬೆಳ್ಳಿ ಗೆರೆ. ಈಗ ಯಂತ್ರವೇ ಕೇಳಿದ ಚಿತ್ರವನ್ನು ನಿಮಿಷದಲ್ಲಿ ಬರೆದುಕೊಡುತ್ತದೆ, ನಿಜ. ಆದರೆ ಏನನ್ನು ಕೇಳಬೇಕು ಎಂಬುದು ಕಣ್ಣಾರೆ ಕಂಡವರಿಗೆ ಹೊಳೆಯುವಂತೆ ಕಾಣದವರಿಗೆ ಹೊಳೆಯುವುದಿಲ್ಲ.

ತಾಯಿಯ ಆತಂಕ ಬೇರೆ ಬಗೆಯದು. ಹೆಣ್ಣುಮಗಳು ಒಬ್ಬಳೇ! ಕತ್ತಲಾಗುವ ಮೊದಲೇ ಊರು ಸೇರಬೇಕು, ಸೇರಿದ ಕೂಡಲೇ ಫೋನ್ ಮಾಡಬೇಕು ಎಂಬ ಎರಡು ಮಾತಿಗೆ ಮಗಳು ಎಂದೂ ತಪ್ಪಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಗಿ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲವೆಂದಾದಾಗ, ಆ ವರ್ಷದ ಆಷಾಢದಲ್ಲಿ ತಾಯಿಯೇ ಜೊತೆಗೆ ಹೊರಟುಬಿಟ್ಟರು. ಇಳಕಲ್ಲಿನಲ್ಲಿ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುವುದನ್ನು ಮೊದಲು ಗುರುತಿಸಿದವರು ಅವರೇ. ಮೂವತ್ತು ವರ್ಷ ಉಟ್ಟ ಸೀರೆಯಲ್ಲಿ ಆ ಜೋಡಣೆಯನ್ನು ಅಂದೇ ಕಂಡದ್ದಂತೆ!

ವಿನ್ಯಾಸ ಮಾರಿ ದೇಶ ನೋಡುವುದು ಇಂದಿನವರ ಹೊಸ ಹುಚ್ಚೂ ಅಲ್ಲ. 1647ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಮರಿಯಾ ಸಿಬಿಲ್ಲಾ ಮೇರಿಯನ್, ಕಸೂತಿಗೆ ಮಾದರಿಯಾಗುವ ಹೂವಿನ ಚಿತ್ರಗಳನ್ನು ಅಚ್ಚು ಹಾಕಿಸಿ, ಹೆಣ್ಣುಮಕ್ಕಳಿಗೆ ಚಿತ್ರಕಲೆ ಕಲಿಸಿ ಬದುಕಿದವಳು. 1699ರಲ್ಲಿ, 52ರ ವಯಸ್ಸಿನಲ್ಲಿ, ತನ್ನ ಚಿತ್ರಗಳನ್ನು ಮಾರಿ ಹಣ ಕೂಡಿಸಿ, ಕಿರಿಯ ಮಗಳೊಂದಿಗೆ ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗು ಹತ್ತಿದಳು. ಕಾಯಿಲೆಬಿದ್ದು 1701ರಲ್ಲಿ ಮರಳಿದರೂ, 1705ರಲ್ಲಿ 60 ಚಿತ್ರಫಲಕಗಳ ಗ್ರಂಥ ಹೊರತಂದಳು. ಕಂಬಳಿಹುಳು ಚಿಟ್ಟೆಯಾಗುವ ಹಂತಗಳನ್ನು, ಅದು ತಿನ್ನುವ ಗಿಡದ ಸಮೇತ ತೋರಿಸಿದ ಆ ಕೃತಿ ವಿಜ್ಞಾನದ ಚರಿತ್ರೆಯಲ್ಲಿ ನಿಂತಿದೆ. ಕೆಲಸ ಪ್ರಯಾಣಕ್ಕೆ ಹಣ ಕೊಟ್ಟಿತು. ಪ್ರಯಾಣ ಕೆಲಸಕ್ಕೆ ಬೆಲೆ ಕೊಟ್ಟಿತು.

ಗವಂತಿಯ ಪಾಠ

ಧಾರವಾಡದ ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆಯಿದೆ. ಸೂಜಿ ಮುಂದೆ ಸಾಗುವಾಗ ಒಂದು ಹೊಲಿಗೆ ಹಾಕಿ ಒಂದು ಜಾಗ ಬಿಡುತ್ತದೆ. ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ. ಮುಗಿದ ಮೇಲೆ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣಬೇಕು. ಎಳೆ ಎಣಿಸದೆ ಹಾಕಿದರೆ ಹಿಂದಿರುಗುವಾಗ ತಪ್ಪು ತಾನೇ ಬಯಲಾಗುತ್ತದೆ.

ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇಷ್ಟೇ. ಸ್ವತಂತ್ರ ವೃತ್ತಿಯೆಂದರೆ ವೇಳಾಪಟ್ಟಿ ಇಲ್ಲದ ಬದುಕಲ್ಲ. ವೇಳಾಪಟ್ಟಿಯನ್ನು ತಾನೇ ಬರೆದು, ತಾನೇ ಗಂಟೆ ಬಾರಿಸಿಕೊಳ್ಳಬೇಕಾದ ಬದುಕು. ಮೊದಲು ಎರಡು ಮೂರು ವರ್ಷ ಯಾರ ಕೈಕೆಳಗಾದರೂ ಕಸುಬು ಕಲಿಯುವುದು ಒಳ್ಳೆಯದು. ಕಲಿತ ಕಸುಬಿನಲ್ಲಿ ಯಾವ ತಿಂಗಳು ಬಿಗಿ, ಯಾವ ತಿಂಗಳು ಸಡಿಲ ಎಂದು ಒಂದು ವರ್ಷ ಬರೆದಿಟ್ಟು ನೋಡಬೇಕು. ಬಿಡುವಿನ ದಿನಗಳು ಆ ಪಟ್ಟಿಯಲ್ಲೇ ಸಿಗುತ್ತವೆ.

ತಂದೆತಾಯಂದಿರೂ ‘ಸಂಬಳ ಯಾವ ತಾರೀಖು’ ಎಂಬ ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕಾದೀತು. ‘ಆರು ತಿಂಗಳ ಅಕ್ಕಿಗೆ ಕೂಡಿಟ್ಟಿದ್ದೀಯಾ? ಒಪ್ಪಿಕೊಂಡ ಕೆಲಸ ಮುಗಿಸಿ ಹೊರಟಿದ್ದೀಯಾ?’ ಎಂದು ಕೇಳಲಿ. ಎರಡಕ್ಕೂ ಹೌದೆಂಬ ಉತ್ತರ ಬಂದರೆ ಬುತ್ತಿ ಕಟ್ಟಿಕೊಡಲು ಹಿಂಜರಿಯಬೇಕಿಲ್ಲ.