ಹಿಂದಿನ ಗಾಜಿನ ಗೆರೆಗಳು

ನಮ್ಮ ಕಡೆ ಕಾರು ಅಂದರೆ ಅರ್ಧ ಗೂಡ್ಸ್ ಗಾಡಿ. ಹಿಂದಿನ ಸೀಟು ಮಡಚಿ ಕೊಬ್ಬರಿ ಚೀಲ ತುಂಬ್ತೀವಿ, ಸುಲಿದ ಕಾಯಿ ತುಂಬ್ತೀವಿ, ಮದುವೆಗೆ ಏಳು ಜನ ಕೂರ್ತೀವಿ. ಹಿಂದಿನ ಗಾಜಿನಲ್ಲಿ ಅಡ್ಡಡ್ಡ ಇಟ್ಟಿಗೆ ಬಣ್ಣದ ಗೆರೆ ಇರುತ್ತಲ್ಲ, ಅದು ಯಾತಕ್ಕೆ ಅಂದರೆ ‘ಡಿಸೈನು’ ಅನ್ನೋರೇ ಜಾಸ್ತಿ. ಅದು ಬೆಳ್ಳಿ ಬೆರೆತ ಲೇಪ. ಕರೆಂಟ್ ಹರಿದರೆ ಬಿಸಿಯಾಗಿ ಗಾಜಿನ ಮಂಜು ಆರಿಸುತ್ತದೆ. ಡಿಫಾಗರ್ ಅಂತಾರೆ, ಹಿಮ ಬೀಳುವ ದೇಶಗಳಲ್ಲಿ ಡಿಫ್ರಾಸ್ಟರ್.

ನಮ್ಮ ಭಾವ ಸೆಕೆಂಡ್ ಹ್ಯಾಂಡ್ ಕಾರು ತಗೊಂಡ ವರ್ಷ, ಧನುರ್ಮಾಸದಲ್ಲಿ, ಇದರ ಬೆಲೆ ಗೊತ್ತಾಯ್ತು. ತುರುವೇಕೆರೆ ಕಡೆಯ ಹಳ್ಳಿಯಿಂದ ಕೆ.ಬಿ. ಕ್ರಾಸಿಗೆ ಬಂದು, ಬಿ.ಎಚ್. ರಸ್ತೆ ಹಿಡಿದು ತಿಪಟೂರು ಮಾರ್ಕೆಟ್ಟಿಗೆ ಬೆಳಕು ಹರಿಯುವಾಗಲೇ ಹೊರಡಬೇಕು. ಗಾಜಿನ ಕೆಳಗಿನರ್ಧ ಪೂರ್ತಿ ಬಿಳಿ. ಅಕ್ಕನ ಮಗಳಿಗೆ ಮೂರು ವರ್ಷ, ಅಪ್ಪ ಹೊರಟರೆ ಟಾಟಾ ಮಾಡೋಕೆ ಕಾರಿನ ಹಿಂದೆಯೇ ಓಡಿ ಬರ್ತಾಳೆ. ಅಕ್ಕ ಮಗುವನ್ನ ಎತ್ತಿಕೊಂಡು ಜಗಲಿ ಮೇಲೆ ನಿಂತ ಮೇಲೇ ಭಾವ ರಿವರ್ಸ್ ಹಾಕೋರು. (ಗಾಜು ಎಷ್ಟೇ ಚೊಕ್ಕಟ ಇದ್ದರೂ ಬಂಪರ್ ಪಕ್ಕದ ಮಗು ಕಾಣಲ್ಲ. ಆ ಅಭ್ಯಾಸ ಈಗಲೂ ಬಿಟ್ಟಿಲ್ಲ.)

ಒಂದು ಗ್ಯಾರೇಜಿನಲ್ಲಿ ‘ಗ್ಲಾಸೇ ಚೇಂಜ್ ಆಗ್ಬೇಕು ಸಾರ್’ ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಸ್ವಿಚ್ ಹಾಕಿದರೆ ಮೇಲಿನ ಗೆರೆಗಳ ಸುತ್ತ ಮಂಜು ಕರಗುತ್ತಿತ್ತು, ಕೆಳಗಿನ ನಾಲ್ಕು ಮಾತ್ರ ಸತ್ತಿದ್ದವು. ಫ್ಯೂಸ್, ರಿಲೇ, ಅರ್ಥ್ ವೈರು ಇವುಗಳಲ್ಲಿ ಯಾವುದು ಕೆಟ್ಟಿದ್ದರೂ ಒಂದು ಗೆರೆಯೂ ಬಿಸಿಯಾಗುತ್ತಿರಲಿಲ್ಲ. ಗೆರೆಗಳು ಏಣಿಯ ಮೆಟ್ಟಿಲಿದ್ದ ಹಾಗೆ, ಒಂದು ತುಂಡಾದರೆ ಅದೊಂದೇ ಹೋಗುತ್ತೆ.

ಪಂಪ್‌ಸೆಟ್ ಸ್ಟಾರ್ಟರ್ ನೋಡೋಕೆ ತಂದಿದ್ದ ಮಲ್ಟಿಮೀಟರ್ ಮನೆಯಲ್ಲಿತ್ತು. ಇಂಜಿನ್ ಚಾಲೂ ಮಾಡಿ, ಡಿಫಾಗರ್ ಹಾಕಿ, ಕಪ್ಪು ಕಡ್ಡಿಯನ್ನ ಕಾರಿನ ಬಾಡಿಗೆ ಹಿಡಿದೆ. ಕೆಂಪು ಕಡ್ಡಿಯ ತುದಿಗೆ ಫಾಯಿಲ್ ಸುತ್ತಿದೆ, ಲೇಪ ಕೆರೆಯಬಾರದು ಅಂತ. ಸರಿಯಿದ್ದ ಗೆರೆಯಲ್ಲಿ ಒಂದು ಕಡೆ 12 ವೋಲ್ಟಿನ ಮೇಲೆ, ನಡುವೆ 6ರ ಆಸುಪಾಸು, ಇನ್ನೊಂದು ತುದಿಯಲ್ಲಿ ಸೊನ್ನೆ; ಇಳಿಜಾರಿನ ಹಾಗೆ ಇಳಿಯುತ್ತೆ. ಸತ್ತ ಗೆರೆಯಲ್ಲಿ 12 ಹಾಗೇ ಬಂದು ಒಂದು ಕಡೆ ತಟ್ಟನೆ ಸೊನ್ನೆ. ಆ ಜಾಗದಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಕೂದಲೆಳೆಯಷ್ಟು ಗೀರು. ಮೂರು ಗೀರು ಒಂದರ ಕೆಳಗೊಂದು, ಕಾಯಿ ಚಿಪ್ಪು ಉಜ್ಜಿದ ಗುರುತು. ನಾಲ್ಕನೆಯದು ಹಳೇ ಮಾಲೀಕರು ಸ್ಟಿಕ್ಕರನ್ನ ಬ್ಲೇಡಿನಿಂದ ಕೆರೆದ ಜಾಗ.

ಇದಕ್ಕೆ ಬೆಳ್ಳಿ ಬೆರೆತ ಕಂಡಕ್ಟಿವ್ ಪೇಂಟ್ ಸಿಗುತ್ತೆ. ಗೇಟಿಗೆ ಬಳಿಯೋ ಸಿಲ್ವರ್ ಪೇಂಟ್ ಅಲ್ಲ ಮತ್ತೆ, ಅದು ಈ ಕೆಲಸಕ್ಕೆ ಬರಲ್ಲ. ಸ್ವಿಚ್ ಆರಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ, ಗೆರೆಯ ಮೇಲೆ ಕೆಳಗೆ ಟೇಪ್ ಅಂಟಿಸಿ, ಗೀರು ದಾಟುವ ಹಾಗೆ ತೆಳ್ಳಗೆ ಬಳಿದು ಒಂದು ದಿನ ಒಣಗಲು ಬಿಟ್ಟೆವು. ಮಾರನೇ ಬೆಳಗ್ಗೆ ಮೂರು ಗೆರೆ ಬಿಸಿ.

ಹಸಿ ಕಾಯಿ, ಒದ್ದೆ ಚೀಲ, ಏಳು ಜನರ ಉಸಿರು, ಎಲ್ಲದರ ತೇವವೂ ತಣ್ಣಗಿನ ಗಾಜಿನ ಮೇಲೇ ಕೂರುತ್ತೆ. ಗಾಳಿಯನ್ನ ಒಳಗೇ ಸುತ್ತಿಸದೆ ಹೊರಗಿನದ್ದು ಬಿಟ್ಟು, ಐದು ನಿಮಿಷ ಎ.ಸಿ. ಹಾಕಿದರೆ ಅರ್ಧ ಕೆಲಸ ಆಗುತ್ತೆ. ಚಳಿಯಲ್ಲಿ ಎ.ಸಿ. ಯಾಕೆ ಅಂತ ಭಾವ ಇನ್ನೂ ವಾದ ಮಾಡ್ತಾರೆ.

ಸ್ಟಿಕ್ಕರ್ ಜಾಗದ ಗೆರೆ ಎರಡು ಇಂಚು ಎದ್ದೇ ಹೋಗಿತ್ತು, ಅದನ್ನ ಹಾಗೇ ಬಿಟ್ಟಿದ್ದೀವಿ. ಈಗ ಕಾಯಿ ತುಂಬುವಾಗ ಗಾಜಿಗೆ ಹಳೇ ಕಂಬಳಿ ಅಡ್ಡ ಹಾಕ್ತಾರೆ.